ಇಲಿಗೆ ಹೊಲಿದ ಹಾಸಿಗೆ

ಇಲಿ ಇಲ್ಲದ ಬೀದಿ ಯಾವುದಿದೆ ಹೇಳಿ. ಅಡುಗೆಮನೆಯಲ್ಲಿ ಕಂಡರೆ ಪೊರಕೆ ಹಿಡಿದು ಓಡಿಸುತ್ತೇವೆ, ಅಟ್ಟದ ಮೇಲೆ ಸದ್ದು ಮಾಡಿದರೆ ಬೋನು ಇಡುತ್ತೇವೆ. ಆದರೆ ಮನೆಯ ಪಕ್ಕ ನಿಲ್ಲಿಸಿದ ಕಾರಿನೊಳಗೆ ಅದು ಸಂಸಾರ ಹೂಡಿದರೆ? ಅದೂ ಬ್ಯಾಟರಿಯಲ್ಲಿ ಓಡುವ ಕಾರು, ಒಂದು ಜೀವ ಉಳಿಸಲೆಂದೇ ಕಾದಿಟ್ಟ ಕಾರು? ಹಾಸಿಗೆ ಹೊಲಿಯುವ ಒಬ್ಬನ ಮನೆಯಲ್ಲಿ ನಡೆದದ್ದು ಇದೇ. ಹತ್ತಿರ ಬಂದು ಕೂತು ಕೇಳಿ. ಇದು ನಗುವ ಕಥೆಯಲ್ಲ, ನಡುವೆ ಎಲ್ಲಾದರೂ ನಗು ಬಂದರೆ ಅದು ನಿಮ್ಮ ಪುಣ್ಯ.

ಆತನನ್ನು ಬೀದಿಯವರೆಲ್ಲ ಹತ್ತಿಯಣ್ಣ ಎಂದೇ ಕರೆಯುವುದು. ಮನೆಯ ಮುಂಭಾಗದಲ್ಲಿ ಹಾಸಿಗೆ ಅಂಗಡಿ, ಹಿಂಭಾಗದಲ್ಲಿ ವಾಸ, ಪಕ್ಕದಲ್ಲಿ ಹತ್ತಿಮೂಟೆ ಇಡುವ ತಗಡಿನ ಶೆಡ್ಡು. ದಿನವಿಡೀ ಹತ್ತಿ ಹಿಂಜುವ ಯಂತ್ರದ ಮುಂದೆ ನಿಲ್ಲುವುದರಿಂದ ಹುಬ್ಬು, ಮೀಸೆ, ಕಿವಿಯ ಅಂಚು ಎಲ್ಲ ಕಡೆ ಬಿಳಿ ಎಳೆ ಅಂಟಿರುತ್ತಿತ್ತು. ಐವತ್ತಕ್ಕೇ ಎಪ್ಪತ್ತರ ಮುದುಕ, ತಲೆ ಕೊಡವಿದರೆ ಮದುವೆ ಗಂಡು ಎಂದು ಹೆಂಡತಿ ಛೇಡಿಸುತ್ತಿದ್ದಳು. ಮನೆಯ ತುಂಬ ಹತ್ತಿ. ನೆಲದಲ್ಲಿ, ಕಿಟಕಿಯಲ್ಲಿ, ಒಮ್ಮೊಮ್ಮೆ ಅನ್ನದ ತಟ್ಟೆಯಲ್ಲೂ. ಆ ಮನೆಯವರಿಗೆ ಹತ್ತಿ ಕಣ್ಣಿಗೆ ಕಾಣುವುದೇ ನಿಂತುಹೋಗಿತ್ತು. ಈ ಮಾತನ್ನು ನೆನಪಿಡಿ, ಏಕೆಂದರೆ ತಪ್ಪು ಶುರುವಾದದ್ದು ಇಲ್ಲಿಂದಲೇ.

ಹೆಂಡತಿಯ ಎರಡೂ ಮೂತ್ರಪಿಂಡ ಕೈಕೊಟ್ಟು ಎರಡು ವರ್ಷವಾಗಿತ್ತು. ದಿನ ಬಿಟ್ಟು ದಿನ ಬೀದಿ ಕೊನೆಯ ಡಯಾಲಿಸಿಸ್ ಕೇಂದ್ರಕ್ಕೆ ನಡೆದು ಹೋಗಿ, ನಾಲ್ಕು ಗಂಟೆ ಮಲಗಿ, ಗೋಡೆ ಹಿಡಿದುಕೊಂಡು ವಾಪಸು ಬರುತ್ತಿದ್ದಳು. ಮೂರು ಗಂಟೆ ದೂರದ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಬದಲಿ ಮೂತ್ರಪಿಂಡಕ್ಕೆ ಹೆಸರು ಬರೆಸಿದ್ದರು. ಸಿಕ್ಕ ದಿನ ಫೋನ್ ಮಾಡುತ್ತೇವೆ, ಯಾವ ದಿನ, ಯಾವ ಹೊತ್ತು ಎಂದು ಈಗ ಹೇಳಲಾಗದು, ಆದರೆ ಹೇಳಿದ ಗಂಟೆಯೊಳಗೆ ಬಂದುಬಿಡಬೇಕು, ಬಾರದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದು ಡಾಕ್ಟರು ಒಂದಕ್ಕೆರಡು ಸಲ ಹೇಳಿ ಕಳಿಸಿದ್ದರು.

ಅಂದಿನಿಂದ ಹತ್ತಿಯಣ್ಣನಿಗೆ ಫೋನ್ ಎಂದರೆ ಭಯ. ರಿಂಗಾದರೂ ಭಯ, ಆಗದಿದ್ದರೂ ಭಯ. ಸ್ನಾನಕ್ಕೆ ಹೋದರೆ ಬಕೆಟ್ಟಿನ ಪಕ್ಕ ಅದನ್ನೂ ಕೂರಿಸಿಕೊಳ್ಳುತ್ತಿದ್ದ. ಯಾರೋ ದಿಂಬಿನ ಅಳತೆ ಕೇಳಲು ಫೋನ್ ಮಾಡಿದರೆ ಮೊದಲು ಎದೆ ಧಸಕ್ಕೆನ್ನುತ್ತಿತ್ತು, ಆಮೇಲೆ ದಿಂಬಿನ ಮಾತು.

ಅಕ್ಕನಿಗೆ ಕರೆ ಬಂದ ದಿನ ಯಾರ ಕೈಕಾಲೂ ಹಿಡಿಯುವುದು ಬೇಡವೆಂದು ಹೆಂಡತಿಯ ತಮ್ಮ ತನ್ನ ಚಿಕ್ಕ ಎಲೆಕ್ಟ್ರಿಕ್ ಕಾರನ್ನು ತಂದು ಶೆಡ್ಡಿನಲ್ಲಿ ನಿಲ್ಲಿಸಿ ಹೋದ. ಹತ್ತಿಯಣ್ಣನಿಗೆ ಓಡಿಸಲು ಬರುತ್ತಿತ್ತು. ಆದರೆ ಓಡಿಸಲಿಲ್ಲ. ಓಡಿಸಿದರೆ ತಾನೆ ಕೆಡುವುದು, ನಿಲ್ಲಿಸಿಟ್ಟರೆ ಹೇಗೆ ಕೆಟ್ಟೀತು ಎಂಬುದು ಅವನ ಲೆಕ್ಕ. ತರಕಾರಿಗೆ ನಡೆದ, ಗಿರಾಕಿಗಳ ಮನೆಗೆ ಸೈಕಲ್ಲಿನಲ್ಲಿ ಹಾಸಿಗೆ ಹೊತ್ತ. ಕಾರು ಮಾತ್ರ ಚಾರ್ಜಿನ ವೈರು ಸಿಕ್ಕಿಸಿಕೊಂಡು ಮಹಾರಾಜನಂತೆ ನಿಂತೇ ಇತ್ತು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೇನೋ. ಧೂಳು ಕೂರಬಾರದೆಂದು ಬಾನೆಟ್ಟಿಗೆ ಒಂದು ಹೊದಿಕೆ ಹೊಲಿದ. ನಾಲ್ಕು ಪದರ ಹಿಂಜಿದ ಹತ್ತಿ, ಸುತ್ತ ಅಂಚುಪಟ್ಟಿ, ಕಟ್ಟಲು ಮೂಲೆಗೊಂದು ದಾರ. ಕೂಸಿಗೆ ಹೊದಿಸುವಂತೆ ನೆಲದವರೆಗೂ ಇಳಿಬಿಟ್ಟ. ಇಲಿ ಬರದಿರಲೆಂದು ಬಾನೆಟ್ಟಿನೊಳಗೆ ಒಂದು ಹಿಡಿ ನುಸಿಗುಳಿಗೆಯನ್ನೂ ಹಾಕಿದ. ಹಿಂದಿನ ಸೀಟಿನಲ್ಲಿ ಆಸ್ಪತ್ರೆಯ ಚೀಲ ಸಿದ್ಧವಾಗಿತ್ತು: ಹೆಂಡತಿಯ ಎರಡು ಜೊತೆ ಬಟ್ಟೆ, ರಿಪೋರ್ಟುಗಳು, ದಾರಿಗೆ ಬಿಸ್ಕತ್ತು, ಹುರಿದ ಕಡಲೆಕಾಯಿ.

ಎದುರುಮನೆಯಲ್ಲಿ ಚಾರ್ಜಕ್ಕ ಇದ್ದಳು. ಎಲೆಕ್ಟ್ರಿಕ್ ವಾಹನ ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಅವಳಿಗೆ ಕೆಲಸ, ಆ ಹೆಸರು ಬಂದದ್ದೂ ಅದರಿಂದಲೇ. ಒಂದು ಭಾನುವಾರ ದಿಂಬಿಗೆ ಹತ್ತಿ ತುಂಬಿಸಲು ಬಂದವಳು ಶೆಡ್ಡಿನೊಳಗೆ ಕಣ್ಣು ಹಾಯಿಸಿ ನಿಂತುಬಿಟ್ಟಳು. ಕಾರು ಕೊನೆಯ ಸಲ ಯಾವಾಗ ಹೊರಗೆ ಹೋಗಿತ್ತು ಎಂದು ಕೇಳಿದಳು. ಬಂದ ದಿನ ಬಿಟ್ಟರೆ ಇಲ್ಲ, ಏಳು ವಾರ ಆಯಿತು ಎಂದು ಹತ್ತಿಯಣ್ಣ ಹೆಮ್ಮೆಯಿಂದಲೇ ಹೇಳಿದ.

“ಅಣ್ಣಾ, ಈ ಹೊದಿಕೆ ತೆಗೀರಿ,” ಎಂದಳು. “ಇಲಿಗೆ ಬೇಕಾಗಿರೋದು ಮೂರೇ. ಕತ್ತಲು, ಮೆತ್ತನೆ ಜಾಗ, ತಿನ್ನೋಕೇನಾದ್ರೂ. ಮೂರನ್ನೂ ನೀವೇ ಒಂದು ಕಡೆ ಸೇರಿಸಿ ಇಟ್ಟಿದ್ದೀರಿ.”

“ಪೆಟ್ರೋಲ್ ಕಾರಾದ್ರೆ ಎಂಜಿನ್ ಬಿಸಿಗೆ ಬರ್ತವೆ ಅಂತಾರೆ. ಇದು ತಣ್ಣಗಿರೋ ಕಾರು. ಇಲ್ಲಿ ಇಲಿಗೇನಮ್ಮ ಕೆಲಸ?”

“ಚಾರ್ಜ್ ಆಗೋವಾಗ ಇದೂ ಬೆಚ್ಚಗಾಗುತ್ತೆ. ಮೇಲೆ ನಿಮ್ಮ ಹತ್ತಿ ಬೇರೆ. ವಾರಕ್ಕೆ ಎರಡು ಸಲ ಓಡ್ಸಿ, ಬಾನೆಟ್ ಎತ್ತಿ ನೋಡ್ತಾ ಇರಿ. ಇವತ್ತೇ ಒಂದ್ಸಲ ನಾನೇ ನೋಡಿಬಿಡ್ಲಾ?”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಹತ್ತಿಯಣ್ಣನದು. ಹೊದಿಕೆ ಬಿಚ್ಚಿ ಮತ್ತೆ ಕಟ್ಟುವುದು ಅರ್ಧ ಗಂಟೆಯ ಕೆಲಸ, ಒಂದು ಇಲಿಗಾಗಿ ಬೆಟ್ಟ ಅಗೆಸಬೇಡ ತಾಯಿ ಎಂದು ಅವಳ ಕೈಗೆ ದಿಂಬು ಕೊಟ್ಟು ಕಳಿಸಿದ. ನುಸಿಗುಳಿಗೆ ಹಾಕಿದ್ದೇನೆ ಎಂದೂ ಸೇರಿಸಿದ. ಅದರ ವಾಸನೆಗೆ ಇಲಿ ಹೋಗುವುದಿಲ್ಲ, ಆ ಗಾಳಿ ಕಾರಿನೊಳಗೆ ನುಗ್ಗಿ ಅತ್ತಿಗೆಯ ಉಸಿರಿಗೆ ಸೇರುವುದೊಂದೇ ಲಾಭ ಎಂದು ಚಾರ್ಜಕ್ಕ ಗೇಟಿನ ಬಳಿ ನಿಂತು ಹೇಳಿದಳು. ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ಕೇಳುತ್ತಿರಲಿಲ್ಲ.

ಮುಂದಿನ ವಾರ ಹೆಂಡತಿ ಬಟ್ಟೆ ಒಣಹಾಕುವಾಗ ಶೆಡ್ಡಿನೊಳಗೆ ಕರಕರ ಸದ್ದು ಕೇಳಿದಳು. ನಿಂತು ಕಿವಿಗೊಟ್ಟಳು. ಸದ್ದೂ ನಿಂತಿತು. ಒಳಗೆ ಬಂದು ಹೇಳಿದರೆ, ಬಿಸಿಲಿಗೆ ತಗಡು ಕಾದು ಸದ್ದು ಮಾಡುತ್ತದೆ ಎಂದ ಗಂಡ. ಎರಡು ದಿನ ಬಿಟ್ಟು ಮತ್ತೆ ಕೇಳಿಸಿತು, ಅಂದು ಮೋಡ ಕವಿದಿತ್ತು, ಬಿಸಿಲೇ ಇರಲಿಲ್ಲ. ಕಾರಿನ ಕೆಳಗೆ ಹತ್ತಿಯ ಚೂರು ಬಿದ್ದಿವೆ, ನಡುನಡುವೆ ಕರಿ ಜೀರಿಗೆಯಂಥದ್ದೇನೋ ಇದೆ ಎಂದು ಅವಳು ಎಳೆದುಕೊಂಡು ಹೋಗಿ ತೋರಿಸಿದಳು.

“ನಮ್ಮನೇಲಿ ಹತ್ತಿ ಬೀಳದ ಜಾಗ ಎಲ್ಲಿದೆ ತೋರ್ಸು ನೋಡೋಣ,” ಎಂದು ಅವನು ನಕ್ಕ. ಆ ಕರಿ ಕಾಳು ಹತ್ತಿಬೀಜದ ಚೂರೆಂದು ಪೊರಕೆಯಿಂದ ಒಂದೇಟಿಗೆ ಗುಡಿಸಿ ಹಾಕಿದ.

ಅವಳು ನಗಲಿಲ್ಲ. ಡಯಾಲಿಸಿಸ್ಸಿನ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ್ದ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕಾರನ್ನೇ ನೋಡುತ್ತ ನಿಂತಿದ್ದಳು. ತನಗೆ ಭಯವಾಗುತ್ತಿದೆ ಎಂದಳು. ಯಾಕೆಂದು ಅವನು ಕೇಳಲಿಲ್ಲ. ಕೇಳಿದರೆ ತನ್ನ ಭಯವೂ ಹೊರಬಿದ್ದೀತು ಎಂಬ ಅಳುಕು ಅವನಿಗೆ.

ಕರೆ ಬಂದದ್ದು ಮಧ್ಯಾಹ್ನ ಒಂದು ಗಂಟೆಗೆ. ಹೊಂದುವ ಮೂತ್ರಪಿಂಡ ಸಿಕ್ಕಿದೆ, ಐದರೊಳಗೆ ಬನ್ನಿ, ಏನೂ ತಿನ್ನಬೇಡಿ ಎಂದು ಆ ಕಡೆಯ ಹೆಂಗಸು ನಿಧಾನವಾಗಿ ಹೇಳಿದಳು. ಹತ್ತಿಯಣ್ಣ ಎಲ್ಲದಕ್ಕೂ ಹೂಂ ಎಂದ. ಗಡಿಬಿಡಿಯಲ್ಲಿ ಯಂತ್ರದ ಸ್ವಿಚ್ಚು ಆರಿಸಲು ಮೂರು ಸಲ ಬೇಕಾಯಿತು. ಹೆಂಡತಿ ಚಪ್ಪಲಿ ಮೆಟ್ಟಿ ಬಂದಳು. ದಾರಿ ಮೂರು ಗಂಟೆಯದು, ಇರುವ ಸಮಯ ನಾಲ್ಕು ಗಂಟೆ. ಒಂದು ಗಂಟೆ ಹೆಚ್ಚೇ ಇದೆ ಎಂದು ಅವಳ ಬೆನ್ನು ಸವರಿದ.

ಹೊದಿಕೆಯನ್ನು ಎಳೆದು ಬಿಸಾಡಿ, ಚಾರ್ಜಿನ ವೈರು ಕಳಚಿ, ಕಾರಿನೊಳಗೆ ಕೂತು ಗುಂಡಿ ಒತ್ತಿದ. ಪರದೆ ಬೆಳಗಿತು. ಕೆಂಪು ದೀಪಗಳು ಒಂದರ ಹಿಂದೆ ಒಂದು ಹತ್ತಿಕೊಂಡವು. ಕಾರು ಅಲುಗಲಿಲ್ಲ. ಆರಿಸಿ ಮತ್ತೆ ಒತ್ತಿದ. ಅದೇ ಕೆಂಪು. ಬಾಗಿಲು ಹಾಕಿ ತೆಗೆದ, ಕೀಲಿಯನ್ನು ಅಂಗಿಗೆ ಒರೆಸಿ ನೋಡಿದ, ಬಾಯಿಗೆ ಬಂದ ದೇವರನ್ನೆಲ್ಲ ಕರೆದ. ಕಾರಿನೊಳಗೆ ನುಸಿಗುಳಿಗೆಯ ಘಾಟಿನ ಜೊತೆ ಇನ್ನೊಂದು ಕೊಳಕು ವಾಸನೆ ಇತ್ತು. ಹಿಂದಿನ ಸೀಟಿನಲ್ಲಿ ಬಿಸ್ಕತ್ತಿನ ಪೊಟ್ಟಣ ಚಿಂದಿಯಾಗಿ ಹರಡಿತ್ತು.

ಚಾರ್ಜಕ್ಕನಿಗೆ ಫೋನ್ ಮಾಡಿ ಎಂದಳು ಹೆಂಡತಿ. ಮಾಡುತ್ತೇನೆ, ಇದೊಂದು ಸಲ ನೋಡುತ್ತೇನೆ ಎಂದ. ನಿಜ ಹೇಳಬೇಕೆಂದರೆ ಅವನಿಗೆ ನಾಚಿಕೆ. ಅಂದು ದಿಂಬು ಕೊಟ್ಟು ಸಾಗಹಾಕಿದವಳನ್ನು ಯಾವ ಮುಖವಿಟ್ಟುಕೊಂಡು ಕರೆಯುವುದು? ಆ ನಾಚಿಕೆ ನುಂಗಿದ್ದು ನಲವತ್ತು ನಿಮಿಷ. ಕೊನೆಗೆ ಅವನ ಕೈಯಿಂದ ಫೋನ್ ಕಿತ್ತುಕೊಂಡು ಹೆಂಡತಿಯೇ ಮಾಡಿದಳು.

ಚಾರ್ಜಕ್ಕ ಗ್ಯಾರೇಜಿನಿಂದ ಸ್ಕೂಟರಿನಲ್ಲಿ ಹತ್ತೇ ನಿಮಿಷಕ್ಕೆ ಬಂದಳು. ಬಂದವಳು ಮೊದಲು ಮಾಡಿದ್ದು ಒಂದೇ ಕೆಲಸ, ಬಾಡಿಗೆ ಕಾರಿಗೆ ಫೋನ್. ಅದು ಬರಲು ಮುಕ್ಕಾಲು ಗಂಟೆಯಾದರೂ ಬೇಕು ಎಂದರು. ಆಮೇಲೆ ಗೋಡೆಯಲ್ಲಿದ್ದ ಚಾರ್ಜಿನ ಮೇನ್ ಸ್ವಿಚ್ಚು ಆರಿಸಿ, ಕಾರನ್ನು ಆರಿಸಿ, ಬಾನೆಟ್ ಎತ್ತಿದಳು.

ಒಳಗೆ ಬೆಳ್ಳಗೆ ಒಂದು ಗೂಡು. ಅಂಗೈಯಗಲದ ಗುಳಿ, ಸುತ್ತ ಒತ್ತಿ ಒತ್ತಿ ಕೂರಿಸಿದ ಹತ್ತಿ, ಅದರ ನಡುವೆ ಕೂದಲಿಲ್ಲದ ಆರೇಳು ಕೆಂಪು ಮರಿ. ಅದು ತಾನೇ ಹಿಂಜಿದ ಹತ್ತಿಯೆಂದು ಹತ್ತಿಯಣ್ಣನಿಗೆ ನೋಡಿದ ಕೂಡಲೇ ತಿಳಿಯಿತು. ಊರಿಗೆಲ್ಲ ಹಾಸಿಗೆ ಹೊಲಿದವನು ಇಲಿಯ ಬಾಣಂತನಕ್ಕೂ ಒಂದು ಹೊಲಿದು ಕೊಟ್ಟಿದ್ದ. ಅವನಿಗೆ ಎಲ್ಲಿಲ್ಲದ ಸಿಟ್ಟು ಬಂದು ಗೂಡನ್ನು ಕಿತ್ತೆಸೆಯಲು ಕೈ ಚಾಚಿದ.

ಚಾರ್ಜಕ್ಕ ಅವನ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದಳು. ಅವನು ಬಿದ್ದೇಬಿಟ್ಟ.

“ಆ ಕಿತ್ತಳೆ ಬಣ್ಣದ ದಪ್ಪ ವೈರು ಕಾಣ್ತಾ ಇದ್ಯಾ?” ಎಂದಳು. “ಮನೆ ಕರೆಂಟಿಗಿಂತ ಜೋರು ಅದರಲ್ಲಿ ಹರಿಯೋದು. ಮೇಲಿನ ಸಿಪ್ಪೆ ತಿಂದು ಹಾಕಿದೆ ನೋಡಿ. ಕಾರು ಆರ್ಸಿದ್ರೂ ಅದನ್ನ ನಂಬೋ ಹಾಗಿಲ್ಲ. ಮುಟ್ಟಿದ್ರೆ ಅತ್ತಿಗೆನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ನೀವೇ ಇರ್ತಿರಲಿಲ್ಲ.”

ನೆಲದ ಮೇಲೆ ಕೂತಿದ್ದ ಹತ್ತಿಯಣ್ಣ ತನ್ನ ಬಲಗೈಯನ್ನು ನೋಡಿಕೊಂಡ. ಹೆಂಡತಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಕಿತ್ತಳೆ ವೈರಿನ ಪಕ್ಕದ ಸಣ್ಣ ವೈರುಗಳಂತೂ ಕತ್ತರಿಯಿಂದ ಕತ್ತರಿಸಿದ ಹಾಗೆ ತುಂಡಾಗಿದ್ದವು. ಕಾರು ಹೊರಡದಿದ್ದದ್ದು ಅದಕ್ಕೆ, ಒಂದು ಲೆಕ್ಕದಲ್ಲಿ ಹೊರಡದಿದ್ದದ್ದೇ ಒಳ್ಳೆಯದಾಯಿತು, ಇಂಥ ವೈರು ಹೊತ್ತು ದಾರಿ ಮಧ್ಯೆ ಬೆಂಕಿ ಹತ್ತಿದರೆ ಗತಿ ಏನು ಎಂದಳು ಚಾರ್ಜಕ್ಕ. ಗೂಡಿನ ಹತ್ತಿರ ಅತ್ತಿಗೆಯನ್ನು ನಿಲ್ಲಿಸಬೇಡಿ ಎಂದು ಅವಳನ್ನು ಹೊರಗೆ ಕರೆದುಕೊಂಡು ಹೋದಳು. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ, ಅದು ಗಟ್ಟಿಯಾಗಿರುವವರ ಮೂತ್ರಪಿಂಡವನ್ನೇ ಕೆಡಿಸುತ್ತದೆ, ಇನ್ನು ಇವರ ಪಾಡೇನು ಎಂದು ಒಳಗೆ ಬಂದು ಮೆಲ್ಲಗೆ ಹೇಳಿದ್ದು ಹತ್ತಿಯಣ್ಣನಿಗೆ ಮಾತ್ರ ಕೇಳಿಸಿತು.

ಬಾಡಿಗೆ ಕಾರು ಬಂದಾಗ ಮೂರಕ್ಕೆ ಹತ್ತು ನಿಮಿಷ. ದಾರಿಯುದ್ದಕ್ಕೂ ಹತ್ತಿಯಣ್ಣ ಗಡಿಯಾರವನ್ನೇ ನೋಡಿದ. ಲಾರಿ ಅಡ್ಡ ಬಂದರೆ ಅವನ ಕಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ನಾಲ್ಕೂವರೆಗೆ ಆಸ್ಪತ್ರೆಗೆ ಫೋನ್ ಮಾಡಿ ಸ್ವಲ್ಪ ತಡವಾಗುತ್ತದೆ, ದಯವಿಟ್ಟು ಕಾಯಿರಿ ಎಂದು ಬೇಡಿಕೊಂಡ. ನೋಡೋಣ, ಬೇಗ ಬನ್ನಿ ಎಂದರು. ಹೆಂಡತಿ ಅವನ ಕೈ ಹಿಡಿದಿದ್ದಳು, ಅವಳ ಬೆರಳು ತಣ್ಣಗಿದ್ದವು.

ತಲುಪಿದಾಗ ಐದೂ ಐವತ್ತು. ಮಹಡಿಯ ಬಾಗಿಲಲ್ಲಿ ನಿಂತ ಡಾಕ್ಟರಿಗೆ ಹೇಳಲು ಕಷ್ಟವಾಗುತ್ತಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಪಟ್ಟಿಯಲ್ಲಿ ಮುಂದಿನ ಹೆಸರು ಒಬ್ಬ ಶಾಲೆಯ ಮೇಷ್ಟ್ರದು. ಅವರು ಸಮಯಕ್ಕೆ ಬಂದಿದ್ದರು, ಆಪರೇಷನ್ ಶುರುವಾಗಿತ್ತು. ನಿಮ್ಮ ಹೆಸರು ಪಟ್ಟಿಯಲ್ಲಿ ಹಾಗೇ ಇರುತ್ತದೆ, ಮತ್ತೆ ಸಿಕ್ಕಿದರೆ ಕರೆಯುತ್ತೇವೆ ಎಂದರು ಡಾಕ್ಟರು. ಯಾವಾಗ ಎಂದು ಹತ್ತಿಯಣ್ಣ ಕೇಳಿದ. ಈಗ ಹೇಳಲಾಗದು ಎಂದರು.

ವಾಪಸು ಬರುವ ದಾರಿಯಲ್ಲಿ ಅವನು ಅತ್ತ. ತನ್ನದೇ ತಪ್ಪು, ಕೈಯಾರೆ ನಿನ್ನನ್ನು ಕೊಂದೆ ಎಂದ. ಕಿಟಕಿಯಾಚೆ ನೋಡುತ್ತಿದ್ದ ಹೆಂಡತಿ ಅವನ ಕಡೆ ತಿರುಗಿದಳು.

“ನಾನಿನ್ನೂ ಸತ್ತಿಲ್ಲ ರೀ, ಈಗಲೇ ಅಳ್ಬೇಡಿ,” ಎಂದಳು. “ಆ ಮೇಷ್ಟ್ರಿಗಾದ್ರೂ ಸಿಕ್ಕಿತಲ್ಲ, ಅವ್ರ ಮನೆಯವ್ರೂ ನಮ್ಮ ಹಾಗೇ ಕಾದಿರ್ತಾರೆ. ನನಗೆ ಸಮಾಧಾನ ಹೇಳ್ಬೇಡಿ. ನಂಗೆ ಭಯ ಆಗ್ತಿದೆ ಅಂದಾಗ ಯಾಕೆ ಅಂತ ಕೇಳೋದನ್ನ ಕಲೀರಿ. ಅಷ್ಟು ಸಾಕು.”

ಅವನು ಕಲಿತ. ಮಾರನೆಯ ದಿನ ಚಾರ್ಜಕ್ಕನ ಗ್ಯಾರೇಜಿನವರು ಕಾರನ್ನು ಗಾಡಿಯ ಮೇಲೆ ಹೇರಿಕೊಂಡು ಹೋದರು. ಕೈಗವಸು, ಮೂಗಿಗೆ ಮುಸುಕು ಹಾಕಿಕೊಂಡು ಗೂಡು ತೆಗೆದರು, ವೈರು ಬದಲಿಸಿದರು. ಇಲಿ ನುಸುಳುವ ಸಂದಿಗಳಿಗೆ ತಂತಿಯ ಬಲೆ ಕೂರಿಸಿದರು, ಗಾಳಿ ಆಡುವ ದಾರಿ ಮುಚ್ಚದ ಹಾಗೆ. ಹತ್ತಿಯಣ್ಣನಿಗೆ ಒಂದು ಉಪಾಯ ಹೊಳೆದಿತ್ತು, ಬಾನೆಟ್ಟಿನೊಳಗೆ ಇಲಿಪಾಷಾಣ ಇಟ್ಟರೆ ಹೇಗೆ ಎಂದು ಕೇಳಿದ. ತಿಂದ ಇಲಿ ಕೈಗೆ ಸಿಗದ ಸಂದಿಯಲ್ಲಿ ಸತ್ತು ನಾರುತ್ತದೆ, ಬೀದಿಯ ಬೆಕ್ಕು ಆ ಇಲಿಯನ್ನು ತಿಂದರೆ ಅದೂ ಸಾಯುತ್ತದೆ, ಬೇಡ, ಗೋಡೆಯ ಬದಿಗೆ ಬೋನು ಇಡಿ ಎಂದಳು ಚಾರ್ಜಕ್ಕ. ಈ ಸಲ ಅವನು ಮರುಮಾತಾಡಲಿಲ್ಲ. ಇಲಿ ಬುದ್ಧಿ ಕಲಿಸಿದ ಮೇಲೆ ಮನುಷ್ಯರ ಮಾತು ಕೇಳುವುದು ಸುಲಭ.

ಶೆಡ್ಡಿನ ಹತ್ತಿಮೂಟೆಗಳೆಲ್ಲ ಅಂಗಡಿಯೊಳಗಿನ ಮುಚ್ಚಳದ ಪೆಟ್ಟಿಗೆಗೆ ಹೋದವು. ಇಲಿ ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಿದರೆ ಅದರ ಧೂಳು ಮೂಗಿಗೆ ಹೋಗುತ್ತದೆಂದು ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ನೆನೆದ ಮೇಲೆ ಬಟ್ಟೆಯಲ್ಲಿ ಒರೆಸಿ ತೆಗೆದರು. ಗೋಡೆಯ ತೂತುಗಳಿಗೆ ಸಿಮೆಂಟು ಬಿತ್ತು. ಕಾರಿನಲ್ಲಿ ಈಗ ತಿನ್ನುವ ಒಂದು ಕಾಳೂ ಇಡುವುದಿಲ್ಲ. ದಿನಕ್ಕೊಮ್ಮೆ ಕಾರಿನ ಕೆಳಗೆ ಟಾರ್ಚು ಬಿಟ್ಟು ನೋಡುತ್ತಾನೆ. ಬುಧವಾರ ಮತ್ತು ಭಾನುವಾರ ಬಾನೆಟ್ ಎತ್ತಿ ನೋಡಿ, ಹೆಂಡತಿಯನ್ನು ಕೂರಿಸಿಕೊಂಡು ಊರಾಚೆಯವರೆಗೆ ಒಂದು ಸುತ್ತು ಹೋಗಿ ಬರುತ್ತಾನೆ. ನಮ್ಮ ಮನೆಯಲ್ಲಿ ಇಲಿಗಳಿಂದಾಗಿ ನನಗೆ ವಾರಕ್ಕೆರಡು ಸಲ ತಿರುಗಾಟ ಎಂದು ಅವಳು ಡಯಾಲಿಸಿಸ್ ಕೇಂದ್ರದ ನರ್ಸಿಗೆ ಹೇಳಿ ನಗುತ್ತಾಳೆ. ಆದರೆ ಫೋನ್ ರಿಂಗಾದಾಗ ಇಬ್ಬರೂ ಈಗಲೂ ಬಿಳಿಚಿಕೊಳ್ಳುತ್ತಾರೆ.

ಎರಡನೆಯ ಕರೆ ಇನ್ನೂ ಬಂದಿಲ್ಲ. ಬಂದೀತು, ಬಾರದೆಯೂ ಇದ್ದೀತು. ಅದು ಯಾರ ಕೈಯಲ್ಲೂ ಇಲ್ಲ. ಬಂದ ದಿನ ಕಾರು ಹೊರಡುವುದು ಮಾತ್ರ ಅವರ ಕೈಯಲ್ಲಿದೆ.

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಮನೆಯ ಪಕ್ಕದಲ್ಲೂ ಒಂದು ಕಾರು ನಿಂತಿರಬಹುದು. ಯಾರದೋ ಹೆರಿಗೆಗೆ, ಯಾರದೋ ಎದೆನೋವಿಗೆ, ಯಾವುದೋ ಒಂದು ಕೆಟ್ಟ ಗಳಿಗೆಗೆ ಎಂದು ನೀವೂ ಅದನ್ನು ಜೋಪಾನ ಮಾಡಿರಬಹುದು. ಜೋಪಾನ ಎಂದರೆ ಮುಚ್ಚಿಡುವುದಲ್ಲ, ಆಗಾಗ ತೆರೆದು ನೋಡುವುದು. ಈ ಹಾಳೆಯನ್ನು ಇಲ್ಲೇ ಇಟ್ಟು ಈಗಲೇ ಎದ್ದು ಹೋಗಿ. ಕಾರು ಆರಿಸಿ, ಚಾರ್ಜಿನ ವೈರು ಕಳಚಿ, ಬಾನೆಟ್ ಎತ್ತಿ. ಹತ್ತಿ, ಕಾಗದದ ಚೂರು, ಹಿಕ್ಕೆ, ಕಚ್ಚಿದ ವೈರು, ಯಾವುದು ಕಂಡರೂ ಕಾರು ಹೊರಡಿಸಬೇಡಿ, ಬಲ್ಲವರಿಗೆ ಫೋನ್ ಮಾಡಿ, ನಾಚಿಕೊಳ್ಳಬೇಡಿ. ಹತ್ತಿಯಣ್ಣನ ನಾಚಿಕೆ ನುಂಗಿದ್ದು ನಲವತ್ತು ನಿಮಿಷ, ಅವನ ಹೆಂಡತಿಗೆ ಮೂತ್ರಪಿಂಡ ತಪ್ಪಿದ್ದು ಐವತ್ತು ನಿಮಿಷದಲ್ಲಿ. ಕಿತ್ತಳೆ ವೈರಿನ ಹತ್ತಿರ ಕೈ ಹಾಕಬೇಡಿ. ಕಣ್ಣು ಹಾಯಿಸಿ, ಸಾಕು.